ಬೀಗ ಹಾಕಿಟ್ಟ ಬೆಳ್ಳಿಯ ಚಿಪ್ಪು

ಬೆಳ್ಳಿ ತಿಕ್ಕುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸನಗರದ ನಮ್ಮ ಪುಟ್ಟ ಇಗರ್ಜಿಯ ಸಾಮಾನನ್ನೆಲ್ಲ ವರ್ಷಗಟ್ಟಲೆ ತಿಕ್ಕಿದ ಕೈ ಇದು. ಮೇಣದಬತ್ತಿಯ ಕಂಬಗಳು, ಧೂಪದ ಪಾತ್ರೆ, ದ್ರಾಕ್ಷಾರಸದ ಸಣ್ಣ ಹೂಜಿಗಳು, ಮಕ್ಕಳ ತಲೆಗೆ ಜ್ಞಾನಸ್ನಾನದ ನೀರು ಹೊಯ್ಯುವ ಚಿಪ್ಪು. ಅಂಟುವಾಳದ ನೊರೆ, ಸೋಸಿದ ಒಲೆಬೂದಿ, ಹಳೇ ಪಂಚೆಯ ತುಂಡು, ಇಷ್ಟಿದ್ದರೆ ಸಾಕು. ಪಾನಪಾತ್ರೆಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಬಿಷಪ್ಪರು ಎಣ್ಣೆ ಸವರಿ ಮಂತ್ರಿಸಿದ ಪಾತ್ರೆ ಅದು, ಪಾದ್ರಿಯ ಕೈ ಬಿಟ್ಟು ಬೇರೆ ಯಾರ ಕೈಗೂ ಸಲ್ಲದು. ಬಿಳಿ ಬಟ್ಟೆ ಹೊದಿಸಿ ಬೇರೆಯಾಗಿ ಇಟ್ಟಿರುತ್ತಿದ್ದರು. ಎಲ್ಲಿ ಸೆರಗು ತಾಗಿಬಿಡುತ್ತದೋ ಎಂದು ನಾನು ಮೈಯೆಲ್ಲ ಮುದುರಿಕೊಂಡು ಕೂತು ತಿಕ್ಕುತ್ತಿದ್ದೆ. ಆ ಭಯವನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನಮ್ಮೂರಲ್ಲಿ ಪಾದ್ರಿ ಇರಲಿಲ್ಲ. ಸಾಗರದಿಂದ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನಮಗೆಲ್ಲ ಗುರ್ಕಾರನೇ ದಿಕ್ಕು. ಗುರ್ಕಾರ ಅಂದರೆ ಊರಿನ ಕ್ರೈಸ್ತ ಮನೆಗಳಿಗೆ ಹಿರಿಯ. ಆಗ ಬಾಯ್ತುಂಬ ಬಹುವಚನ ಕೊಡುತ್ತಿದ್ದೆ, ಬರೆಯುವಾಗ ಕೊಡಲು ಮನಸ್ಸಿಲ್ಲ. ಇಗರ್ಜಿಗೆ ಭದ್ರವಾದ ಬಾಗಿಲಿಲ್ಲವೆಂದು ಬೆಳ್ಳಿ ಸಾಮಾನೆಲ್ಲ ಅವನ ಮನೆಯ ಹಲಸಿನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಕೀಲಿ ಅವನ ಉಡಿದಾರದಲ್ಲಿ. ಆ ಚಿಪ್ಪನ್ನು ಮಾಡಿಸುವಾಗ ಮನೆ ಮನೆಯ ಹೆಂಗಸರೂ ಒಂದಿಷ್ಟು ಬೆಳ್ಳಿ ಕೊಟ್ಟಿದ್ದೆವು. ನಾನು ಮದುವೆಯಲ್ಲಿ ಹಾಕಿಕೊಂಡಿದ್ದ ಕಾಲುಗೆಜ್ಜೆ ಕೊಟ್ಟಿದ್ದೆ. ಸಾಗರದ ಅಕ್ಕಸಾಲಿಗರು ಎಲ್ಲವನ್ನೂ ಕರಗಿಸಿ, ಅಂಗೈಯಗಲದ ಚಿಪ್ಪು ಮಾಡಿ, ನಡುವೆ ಶಿಲುಬೆ ಕೆತ್ತಿ ಕೊಟ್ಟಿದ್ದರು. ಊರಿನ ಮಕ್ಕಳೆಲ್ಲ ಅದರ ನೀರಿನಲ್ಲೇ ಕ್ರೈಸ್ತರಾದದ್ದು.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನನ್ನ ಮಗಳು ಹುಟ್ಟಿದ ತಿಂಗಳು ಬಸ್ಸು ಕೆಟ್ಟು ಕೂತಿತ್ತು, ಪಾದ್ರಿ ಬರಲಿಲ್ಲ. ಬರುವ ತಿಂಗಳು ಜ್ಞಾನಸ್ನಾನ ಆದರಾಯಿತು ಎಂದು ಊರವರೆಲ್ಲ ಅಂದರು. ಕೂಸು ಹುಟ್ಟುವಾಗಲೇ ನಿತ್ರಾಣ. ಒಂದು ಬೆಳಗ್ಗೆ ಮೊಲೆ ಬಿಟ್ಟಿತು. ತುಟಿ ನೀಲಿಗಟ್ಟಿತು. ಬಾಣಂತನಕ್ಕೆ ಬಂದಿದ್ದ ಸೂಲಗಿತ್ತಿ ಅಜ್ಜಿ ಮಗುವಿನ ಅಂಗಾಲು ತಿಕ್ಕಿ ನೋಡಿ, ನನ್ನ ಮುಖ ನೋಡಲಿಲ್ಲ.

ಜ್ಞಾನಸ್ನಾನ ಆಗದೆ ಸತ್ತ ಮಗುವಿಗೆ ಸ್ವರ್ಗವಿಲ್ಲ, ಸಿಮೆಟ್ರಿಯ ಬೇಲಿಯೊಳಗೆ ಜಾಗವೂ ಇಲ್ಲ. ಇದನ್ನು ಮಾತ್ರ ನಮಗೆ ಚೆನ್ನಾಗಿ ಹೇಳಿಕೊಟ್ಟಿದ್ದರು.

ನನ್ನವರು ಮರ ಕುಯ್ಯುವ ಕೆಲಸ ಬಿಟ್ಟು ಗುರ್ಕಾರನ ಮನೆಗೆ ಓಡಿದರು. ಬೆಳ್ಳಿಯ ಚಿಪ್ಪನ್ನು ಕೇಳಿ ತನ್ನಿ, ಅವರನ್ನೂ ಕರೆದು ತನ್ನಿ, ಏನಾದರೂ ಮಾಡುತ್ತಾರೆ ಎಂದು ನಾನೇ ಅಟ್ಟಿದ್ದೆ. ಬರಿಗೈಲಿ ಬಂದರು. ಆಗ ಅಜ್ಜಿ ಕೇಳಿದಳು, "ನೀರು ಹೊಯ್ಯೋದು ತಾನೇ ಮಾರಾಯ್ತಿ? ತಗಾ, ನೀನೇ ಹೊಯ್ಯಿ." ಮಗುವನ್ನು ಮೀಯಿಸಲು ಬಿಸಿನೀರು ಎತ್ತುವ ತೆಂಗಿನ ಕರಟ ಅವಳ ಕೈಯಲ್ಲಿತ್ತು, ತುಂಬ ನೀರೂ ಇತ್ತು.

"ನಮ್ಮಲ್ಲಿ ಹಂಗೆಲ್ಲ ಆಗಲ್ಲ ಅಜ್ಜಿ," ಎಂದೆ. ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು, ಹಸಿ ಮೈಯಲ್ಲೇ ಗುರ್ಕಾರನ ಮನೆಗೆ ನಡೆದೆ.

ಅವನು ಜಗುಲಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅಷ್ಟು ಮರ್ಯಾದೆಗೇನೂ ಕಮ್ಮಿ ಇರಲಿಲ್ಲ.

"ಪಾದ್ರಾಬ್ ಇಲ್ದೆ ಪೆಟ್ಟಿಗೆ ತೆಗೆಯೋ ಹಂಗಿಲ್ಲಮ್ಮ. ಅದು ದೇವರ ಸಾಮಾನು."

"ಹೋದ ಸಲ ತಿಕ್ಕಿ ಕೊಟ್ಟೋಳು ನಾನೇ ಅಲ್ವಾ ಗುರ್ಕಾರ್ರೇ?"

"ತಿಕ್ಕೋದು ಬೇರೆ, ಹೊಯ್ಯೋದು ಬೇರೆ. ನಾನಾದ್ರೂ ಹೊಯ್ಯೋಕೆ ಬರತ್ತಾ? ಪಾಪ ಸುತ್ತಿಕೊಳ್ಳತ್ತೆ. ಜಪ ಮಾಡು. ನಾನೂ ಮಾಡ್ತೀನಿ."

ಮಾಡಿದ. ಮೊಣಕಾಲೂರಿ, ಕಣ್ಣು ಮುಚ್ಚಿ, ಬಾಯಿ ತುಂಬ ಜಪ ಮಾಡಿದ. ಅವನ ಬೆನ್ನ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಕಾಣುತ್ತಿತ್ತು. ಅದರೊಳಗೆ ನನ್ನ ಕಾಲುಗೆಜ್ಜೆಯ ಬೆಳ್ಳಿಯೂ ಇತ್ತು. ಅವನ ಜಪ ಮುಗಿಯುವ ಮೊದಲೇ ಅವನ ಮೆಟ್ಟಿಲ ಮೇಲೆ ನನ್ನ ಮಗಳ ಉಸಿರು ನಿಂತಿತು.

ಸಿಮೆಟ್ರಿಯ ಬೇಲಿಯ ಹೊರಗೆ, ಲಂಟಾನದ ಪೊದೆಯ ಪಕ್ಕ, ಇಲ್ಲಿ ಎಂದು ಕೋಲಿನಲ್ಲಿ ಗೆರೆ ಎಳೆದು ತೋರಿಸಿದವನೂ ಅವನೇ. ಹೆಸರಿಲ್ಲ, ಶಿಲುಬೆಯಿಲ್ಲ. ನನ್ನವರು ಒಂದು ಕಲ್ಲು ಇಟ್ಟು ಬಂದರು.

ಮುಂದಿನ ತಿಂಗಳು ಪಾದ್ರಿ ಬಂದರು. ಬಾಣಂತಿಗೆ ಪಾದ್ರಿಯ ಆಶೀರ್ವಾದ ಆಗದೆ ಇಗರ್ಜಿಯ ಹೊಸ್ತಿಲು ದಾಟುವಂತಿರಲಿಲ್ಲ. ಹೊರಗೆ ನಿಂತ ನನ್ನ ಕೈಗೆ ಉರಿಯುವ ಮೇಣದಬತ್ತಿ ಕೊಟ್ಟು, ಮಗು ಎಲ್ಲಿ ಎಂದು ಕೇಳಿದರು. ಹೇಳಿದೆ. ಸೂಲಗಿತ್ತಿಯ ಮಾತನ್ನೂ, ಚಿಪ್ಪು ಕೇಳಿದ್ದನ್ನೂ ಹೇಳಿದೆ.

"ಅಯ್ಯೋ, ಚಿಪ್ಪು ಯಾಕಮ್ಮ? ನೀನೇ ಹೊಯ್ಯಬಹುದಿತ್ತಲ್ಲ. ಸಾಯುವ ಮಗುವಿಗೆ ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿ ಯಾರು ನೀರು ಹೊಯ್ದರೂ ಸಲ್ಲುತ್ತದೆ. ಹೇಳಿಕೊಟ್ಟಿದ್ದರೆ ಕ್ರೈಸ್ತಳಲ್ಲದ ಆ ಸೂಲಗಿತ್ತಿ ಹೊಯ್ದರೂ ಸಲ್ಲುತ್ತಿತ್ತು."

"ಯಾವುದ್ರಲ್ಲಿ?"

"ಯಾವುದರಲ್ಲಾದರೂ. ನೀರು ನೀರೇ ಅಲ್ಲವೇನಮ್ಮ."

ಅವರು ಕೆಟ್ಟವರಲ್ಲ. ಮೆತ್ತಗಿನ ದನಿಯಲ್ಲೇ ಹೇಳಿದರು. ಆದರೆ ಆ ಮೆತ್ತಗಿನ ದನಿಗೇ ನನ್ನ ತಲೆ ಕೆಟ್ಟಿತು. ಕರಟ ನನ್ನ ಕಣ್ಣ ಮುಂದೆ ಬಂತು. ತುಂಬಿದ ಕರಟ.

"ಪಾದ್ರಾಬ್, ಪಾನಪಾತ್ರೆ ಮುಟ್ಟಬಾರ್ದು ಅಂತ ಬಂದಾಗೆಲ್ಲ ಹೇಳಿದ್ರಿ. ಪೀಠ ಹತ್ತಬಾರ್ದು ಅಂದ್ರಿ, ಹೊಸ್ತಿಲು ದಾಟಬಾರ್ದು ಅಂದ್ರಿ. ಇದೊಂದನ್ನ ಹೇಳೋಕೆ ನಿಮಗೆ ಏನಾಗಿತ್ತು?"

"ನಿಮಗೆಲ್ಲ ಗೊತ್ತಿರಬಹುದು ಅಂದುಕೊಂಡಿದ್ದೆ," ಎಂದರು.

ಹಾಗಾದರೆ ಬೇಲಿಯೊಳಗೆ ತನ್ನಿ ಅವಳನ್ನು ಎಂದೆ. ಅದಾಗುವುದಿಲ್ಲ, ನಿಯಮ ಎಂದರು. ನಾನು ಮೇಣದಬತ್ತಿಯನ್ನು ಊದಿ ಆರಿಸಿ, ಅವರ ಕೈಗೇ ಕೊಟ್ಟು ಮನೆಗೆ ಬಂದೆ. ಅವರ ಆಶೀರ್ವಾದ ನನಗೆ ಬೇಡವಾಗಿತ್ತು.

ಅಂದಿನಿಂದ ಬೆಳ್ಳಿ ಮುಟ್ಟಲಿಲ್ಲ. ಹಬ್ಬ ಬಂತು, ಕಂಬಗಳು ಕಪ್ಪಿಟ್ಟಿವೆ ಎಂದು ಗುರ್ಕಾರ ಹೇಳಿ ಕಳಿಸಿದ. ಜಪ ಮಾಡಲಿ, ಬೆಳ್ಳಗಾಗುತ್ತವೆ ಎಂದು ಹೇಳಿ ಕಳಿಸಿದೆ. ಊರಲ್ಲಿ ನನ್ನನ್ನು ಬಜಾರಿ ಎಂದರು. ಅಂದುಕೊಳ್ಳಲಿ. ನಾನು ಬಸುರಿಯರಿದ್ದ ಮನೆಗಳಿಗೆ ಹೋಗಿ ಹೋಗಿ ನೀರು ಹೊಯ್ಯುವುದನ್ನು ಹೇಳಿಕೊಟ್ಟೆ. ಸೂಲಗಿತ್ತಿ ಅಜ್ಜಿಗೂ ಆ ಮಾತುಗಳನ್ನು ಬಾಯಿಪಾಠ ಮಾಡಿಸಿದೆ. ಅವಳ ನಾಲಿಗೆ ತೊದಲಿದಾಗಲೆಲ್ಲ ಇಬ್ಬರೂ ಅಳುತ್ತಿದ್ದೆವು.

ಯುದ್ಧ ಮುಗಿಯುವ ಹೊತ್ತಿಗೆ ಗುರ್ಕಾರನ ಸೊಸೆ ಹೆತ್ತಳು. ದಿನ ತುಂಬದ ಗಂಡುಮಗು. ಹೇಳಿಕೊಟ್ಟಿದ್ದೆಲ್ಲ ಅವಳಿಗೆ ಮರೆತುಹೋಗಿತ್ತು. ನನ್ನನ್ನು ಕರೆಸಿ ಎಂದು ಕಿರುಚಿದಳಂತೆ. ಅದೇ ಮೆಟ್ಟಿಲು ಹತ್ತಿ ಒಳಗೆ ಹೋದೆ. ಗುರ್ಕಾರ ಪೆಟ್ಟಿಗೆ ತೆಗೆದು, ಬೆಳ್ಳಿಯ ಚಿಪ್ಪನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಪಾದ್ರಿ ಇಲ್ಲದೆಯೇ ತೆಗೆದಿದ್ದ!

"ಒಳಗಿಡಿ ಅದನ್ನ," ಎಂದೆ. ಅವನ ಬಚ್ಚಲಿನ ಕರಟವನ್ನೇ ತಂದು, ನೀರು ಮೊಗೆದು ಮಗುವಿನ ನೆತ್ತಿಗೆ ಹೊಯ್ದೆ. ತಾಯಿ ಹೇಳಿದ ಹೆಸರು ಕರೆದೆ.

ಮಗು ಸಂಜೆಯವರೆಗೆ ಇತ್ತು. ಬೇಲಿಯೊಳಗೆ ಹೂಳಿ ಶಿಲುಬೆ ನೆಟ್ಟರು. ಅದಕ್ಕೂ ನನ್ನ ಮಗಳಿಗೂ ನಡುವೆ ಆ ಬೇಲಿಯೊಂದೇ. ಎಲ್ಲರೂ ಹೋದಮೇಲೆ ಗುರ್ಕಾರ ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ನಿನ್ನ ಉಪಕಾರ ಮರೆಯಲ್ಲಮ್ಮ. ಏನು ಬೇಕಾದ್ರೂ ಕೇಳು."

"ಈ ಬೇಲಿ ಸರಿಸಿ."

ಅವನು ಬೇಲಿಯನ್ನು ನೋಡಿದ, ಕಲ್ಲನ್ನು ನೋಡಿದ. "ಪಾದ್ರಾಬನ್ನ ಒಂದು ಮಾತು ಕೇಳ್ಬೇಕಲ್ಲ," ಎಂದ.

ಮರುದಿನ ಬೆಳಗ್ಗೆ ನಾನೂ ನನ್ನವರೂ ಕತ್ತಿ, ಹಾರೆ ಹಿಡಿದು ಹೋದೆವು. ನಾನು ಲಂಟಾನ ಕಡಿದೆ. ಅವರು ಗೂಟಗಳನ್ನು ಕಿತ್ತು, ನಮ್ಮ ಮಗಳ ಆಚೆ ಬದಿಗೆ ನೆಟ್ಟು ಬೇಲಿ ಕಟ್ಟಿದರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನಾವು ಯಾರನ್ನೂ ಕೇಳಲಿಲ್ಲ.