ಗೊಂಬೆಗಳ ನಡುವೆ ಒಂದು ಯುದ್ಧವಿಮಾನ

ಮೊನ್ನೆ ಬಸವನಗುಡಿಯಲ್ಲಿ ಅಕ್ಕನ ಮನೆಯ ಅಟ್ಟದಿಂದ ದಸರಾ ಗೊಂಬೆಗಳ ಟ್ರಂಕು ಇಳಿಸಿದೆ. ಈ ವಯಸ್ಸಿನಲ್ಲಿ ಅಟ್ಟ ಹತ್ತಬಾರದೆಂದು ಮನೆಯಲ್ಲಿ ತಾಕೀತಾಗಿತ್ತು. ಹತ್ತಿದೆ, ಸೊಂಟ ಹಿಡಿಯಿತು, ಆ ವಿಷಯ ಬಿಡಿ. ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೇ ಪಂಚೆಯ ಚೂರಿನಲ್ಲಿ ಸುತ್ತಿದ ಗಂಟೊಂದು ಮೊದಲು ಕೈಗೆ ಬಂತು. ಬಿಚ್ಚುವ ಮೊದಲೇ ಗೊತ್ತಾಯಿತು, ಅದು ರೆಕ್ಕೆ.

ಗೊಂಬೆಯ ಟ್ರಂಕಿನಲ್ಲಿ ರೆಕ್ಕೆ ಅಂದರೆ ಗರುಡನದ್ದು ಎಂದುಕೊಂಡಿರಾ? ಅಲ್ಲ ಸ್ವಾಮಿ, ಯುದ್ಧವಿಮಾನದ್ದು.

ಅಕ್ಕನ ಗಂಡ, ನಮ್ಮ ಭಾವ, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದವರು. ಇಂಗ್ಲೆಂಡಿಗೆ ಹೋಗಿಬಂದ ಸ್ನೇಹಿತರೊಬ್ಬರ ಕೈಲಿ ಒಂದು ಡಬ್ಬಿ ತರಿಸಿದ್ದರು. ಅದರೊಳಗೆ ಎರಡನೇ ಮಹಾಯುದ್ಧದ ಫೈಟರ್ ವಿಮಾನದ ಪ್ಲಾಸ್ಟಿಕ್ ಚೂರುಗಳು. ಒಂದೊಂದಾಗಿ ಅಂಟಿಸಿ, ಬಣ್ಣ ಹಚ್ಚಿ, ನಿಜವಾದದ್ದರ ತದ್ರೂಪು ಮಾಡಬೇಕು. ಮೊಳದುದ್ದವೂ ಇಲ್ಲದ ಆ ವಿಮಾನಕ್ಕೆ ಭಾವ ಒಂದು ದಸರೆಯಿಂದ ಮುಂದಿನ ದಸರೆಯವರೆಗೆ ಭಾನುವಾರಗಳನ್ನೆಲ್ಲ ಸುರಿದರು. ವರಾಂಡದಲ್ಲಿ ಪೇಪರ್ ಹಾಸಿ ಕೂತರೆಂದರೆ ಫ್ಯಾನ್ ಬಂದ್, ರೇಡಿಯೋ ಬಂದ್. ಅಡುಗೆಮನೆಗೂ ಕಾನೂನು. "ಒಗ್ಗರಣೆಗೆ ಮೆಣಸಿನಕಾಯಿ ಹಾಕ್ಬೇಡ ಕಣೇ, ಸೀನಿದ್ರೆ ಪ್ರೊಪೆಲ್ಲರ್ ಹಾರೋಗತ್ತೆ" ಅನ್ನುವರು. "ಹಾರ್ಲಿ ಬಿಡಿ, ವಿಮಾನ ತಾನೇ" ಅಂತ ಅಕ್ಕ. ಆ ವರ್ಷ ಭಾನುವಾರದ ಸಾರು ಸಪ್ಪೆ. ನೆರವಾಗಲು ಹೋದ ನಾನು ಬಾಲದ ಜೊತೆ ನನ್ನ ಹೆಬ್ಬೆರಳನ್ನೂ ಅಂಟಿಸಿಕೊಂಡು, ಆಮೇಲೆ ನೋಡುವ ಕೆಲಸಕ್ಕೆ ಮಾತ್ರ ಉಳಿದೆ.

ಇಷ್ಟೆಲ್ಲ ಯಾಕೆ ಅಂದರೆ, ಭಾವನ ತಂದೆಗಾಗಿ. ರಾಯರು ಅನ್ನುತ್ತಿದ್ದೆವು ನಾವೆಲ್ಲ. ಯುದ್ಧದ ಕಾಲದಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಅವರು ಊರಾಚೆಯ ವಿಮಾನ ಕಾರ್ಖಾನೆಯಲ್ಲಿ ರಿಪೇರಿ ಕೆಲಸಕ್ಕಿದ್ದರಂತೆ. ಅಷ್ಟೇ ಗೊತ್ತಿದ್ದದ್ದು. ಮಾತೆಂದರೆ ಅವರಿಗೆ ಅಲರ್ಜಿ. ಮಗನ ಜೊತೆ ಹಾಲು ಬಂತೇ, ನಲ್ಲಿ ಬಂತೇ ಎಂಬುದರ ಆಚೆ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. "ಅವರು ರಿಪೇರಿ ಮಾಡಿದ ವಿಮಾನಾನೇ ಎದುರಿಗಿಟ್ರೆ ಬಾಯಿ ಬಿಡದೇ ಇರ್ತಾರಾ?" ಎಂದು ಭಾವ ನನ್ನನ್ನು ಕೇಳಿದ್ದರು. ಅಪ್ಪನ ಬಾಯಿಂದ ನಾಲ್ಕು ಮಾತು ಕೇಳಬೇಕೆಂಬ ಆಸೆ ನಲವತ್ತು ದಾಟಿದ ಗಂಡಸಿಗೂ ಇರುತ್ತದೆಂದು ಅವತ್ತೇ ನನಗೆ ತಿಳಿದದ್ದು.

ದಸರೆಗೆ ಪ್ರತಿವರ್ಷ ಹೊಸದೊಂದು ಗೊಂಬೆ ಸೇರಬೇಕಲ್ಲ. ಆ ವರ್ಷ ವಿಮಾನ ಸೇರಿತು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಹಸಿರು ಕಂದು ಬಣ್ಣದಲ್ಲಿ, ಎಲ್ಲೂ ಒಂದು ಗೀರಿಲ್ಲದೆ ನಿಂತಿತ್ತು. ರಾಯರು ಎದುರಿನ ಬೆತ್ತದ ಕುರ್ಚಿಯಲ್ಲಿ ನವರಾತ್ರಿಯುದ್ದಕ್ಕೂ ಕೂತರು. "ಚೆನ್ನಾಗಿದೆ" ಅಂದರು, ಉಪ್ಪಿಟ್ಟಿಗೆ ಹೇಳಿದ ಹಾಗೆ. ಭಾವನ ಮುಖ ದಿನದಿನಕ್ಕೆ ಇಳಿಯುತ್ತ ಹೋಯಿತು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಗೊಂಬೆಗಳನ್ನು ಮಲಗಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಅಕ್ಕ ಪಟ್ಟದ ರಾಜ ರಾಣಿಯನ್ನು ಮಲಗಿಸಿದಳು. ಆಮೇಲೆ, ಇದೊಂದು ಯಾಕೆ ಎದ್ದಿರಬೇಕು ಎನಿಸಿತೇನೋ, ವಿಮಾನವನ್ನೂ ಭಕ್ತಿಯಿಂದ ಪಕ್ಕಕ್ಕೆ ಹೊರಳಿಸಿ, ಅದರ ಮೇಲೆ ರವಿಕೆ ಕಣವೊಂದನ್ನು ಹೊದಿಸಿ ಮೆಲ್ಲಗೆ ಅದುಮಿದಳು. ಟಕ್ ಅಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಭಾವ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಚೆ ಹೊರಟುಹೋದರು.

ಅಕ್ಕ ಅಳುತ್ತ ಕೂತಳು. ಉಸಲಿ ತಿನ್ನಲು ಬಂದಿದ್ದ ನಾನು ತಟ್ಟೆ ಹಿಡಿದು ಪೆಚ್ಚಾಗಿ ನಿಂತೆ. ಆಗ ರಾಯರು ಎದ್ದು ಬಂದು, ಮುರಿದ ರೆಕ್ಕೆಯನ್ನು ಎತ್ತಿಕೊಂಡು, ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು.

"ಹೀಗೇ ಬರ್ತಿದ್ವಮ್ಮ" ಅಂದರು. "ನಮ್ಮ ಶೆಡ್ಡಿಗೆ ಹೀಗೇ ಬರ್ತಿದ್ವು. ಒಂದರ ರೆಕ್ಕೇನೂ ನೆಟ್ಟಗಿರ್ತಿರಲಿಲ್ಲ. ನನ್ನ ತೋಳು ಸಣ್ಣ ಅಂತ ರೆಕ್ಕೆಯೊಳಗೆ ಕೈ ತೂರಿಸಿ ರಿವೆಟ್ ಮೊಳೆ ಹಿಡಿಯೋ ಕೆಲಸ ಕೊಟ್ಟಿದ್ರು. ರಿಪೇರಿ ಆದ್ಮೇಲೆ ಇನ್ನೊಂದು ಶೆಡ್ಡಿಗೆ ತಳ್ಕೊಂಡು ಹೋಗೋರು. ಪೂರ್ತಿ ವಿಮಾನ ನಾನು ಹತ್ತಿರದಿಂದ ನೋಡೇ ಇಲ್ಲ. ಇದು ಅದೇ ಅಂತ ಹೇಗೆ ಗೊತ್ತಾಗ್ಬೇಕು ನನಗೆ?"

ನಾನು ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟೆ. ಅವರು ಮುಂದುವರಿಸಿದರು. "ಒಂದ್ಸಲ ಅಂಥದೊಂದರ ಸೀಟಿನ ಕೆಳಗೆ ಒಂದು ಕೂಸಿನ ಕಾಲುಚೀಲ ಸಿಕ್ತು. ಓಡಿಸೋನು ಜೊತೇಲಿ ಇಟ್ಕೊಂಡಿದ್ದನೋ ಏನೋ. ಎಸಿ ಅಂದ್ರು. ಎಸೆಯೋಕೆ ಮನಸ್ಸು ಬರ್ಲಿಲ್ಲ. ನಿನ್ನ ಗಂಡ ಹುಟ್ಟಿದಾಗ ಅವನಿಗೆ ಹಾಕೋಣ ಅಂತ ತೆಗೆದೆ. ಆ ಓಡಿಸೋನು ಬದುಕಿದ್ನೋ ಇಲ್ವೋ, ಬೇಡಾರೀ, ಅಂದ್ಲು ನಿಮ್ಮತ್ತೆ."

ಭಾವ ವಾಪಸು ಬಂದಾಗ ರೆಕ್ಕೆ ಮೆಟ್ಟಿಲ ಮೇಲಿತ್ತು, ರಾಯರು ಕುರ್ಚಿಯಲ್ಲಿದ್ದರು. ಅಕ್ಕ ಸಂಭ್ರಮದಿಂದ, "ಮಾವ, ಇವರಿಗೂ ಹೇಳಿ, ಇನ್ನೊಂದ್ಸಲ ಹೇಳಿ" ಅಂದಳು. ರಾಯರು ಮಗನ ಮುಖ ನೋಡಿದರು. "ಹೇಳೋಕೆ ಏನಿದೆ, ಎಲೆ ಹಾಕಮ್ಮ" ಅಂದರು. ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ಯುಗಾದಿಗೆ ಅವರೇ ಇರಲಿಲ್ಲ.

ಭಾವ ರೆಕ್ಕೆಯನ್ನು ಅಂಟಿಸಲೇ ಇಲ್ಲ. ಪ್ರತಿ ದಸರೆಗೂ ವಿಮಾನ ಒಂದು ಕಡೆ, ರೆಕ್ಕೆ ಅದರ ಪಕ್ಕ. ನನ್ನನ್ನು ಕೂರಿಸಿಕೊಂಡು, "ಅಪ್ಪ ಅವತ್ತು ಏನಂದ್ರು, ಇನ್ನೊಂದ್ಸಲ ಹೇಳು" ಅನ್ನುವರು. ನಾನು ಗಿಣಿಪಾಠ ಒಪ್ಪಿಸುವೆ. ಅವತ್ತು ರಾಯರು ಬಾಯಿ ತೆರೆದಾಗ ಭಾವ ಬೀದಿಯ ಕೊನೆಯನ್ನೂ ದಾಟಿರಲಿಲ್ಲ. ಕೂಗಿ ಕರೆದಿದ್ದರೆ ಬರುತ್ತಿದ್ದರು, ಆದರೆ ಕೂಗಿದ್ದರೆ ರಾಯರು ಮಾತು ನಿಲ್ಲಿಸಿಬಿಡುತ್ತಿದ್ದರು. ನನ್ನ ಕಿವಿಗೆ ಬರಬೇಕಾದ ಮಾತಲ್ಲ ಅದು. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಈಗ ಅದೇ ಬೆತ್ತದ ಕುರ್ಚಿಯಲ್ಲಿ ಭಾವ ಕೂರುತ್ತಾರೆ. ಎರಡು ವರ್ಷದಿಂದ ನೆನಪು ಕೈಕೊಡುತ್ತಿದೆ. ಒಮ್ಮೊಮ್ಮೆ ಅಕ್ಕನ ಹೆಸರೂ ತಡವರಿಸುತ್ತದೆ. ಮೊನ್ನೆ ಗಂಟು ಬಿಚ್ಚಿ ರೆಕ್ಕೆಯನ್ನು ಅವರ ಕೈಗೆ ಕೊಟ್ಟೆ. ಎಂದಿನ ಪ್ರಶ್ನೆ ಬರುತ್ತದೆಂದು ಗಂಟಲು ಸರಿಮಾಡಿಕೊಂಡೆ. ಅವರು ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸುತ್ತ ನಕ್ಕರು.

"ಅಪ್ಪ ಇದನ್ನ ಹಿಡ್ಕೊಂಡು ನನ್ನ ಹತ್ರ ಏನೆಲ್ಲ ಹೇಳಿದ್ರು ಗೊತ್ತಾ? ನೀನು ಅವತ್ತು ಇರ್ಲಿಲ್ಲ. ಎಲ್ಲೋ ಆಚೆ ಹೋಗಿದ್ದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲದ ಮೇಲೆ, ಅವರ ಕಾಲಬಳಿ ಕೂತೆ.

"ಹೌದು ಭಾವ, ನಾನಿರ್ಲಿಲ್ಲ" ಅಂದೆ. "ಏನಂದ್ರು, ಹೇಳಿ."