ಮೂಗಿನಕ್ಕ ಮೂಸಿ ಕೊಟ್ಟ ಶಂಖ

ಶಂಖದಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವಳು ಅವಳು. ಸಮುದ್ರದಿಂದ ಬಂದ ಶಂಖಗಳನ್ನು ತೊಟ್ಟಿಯಲ್ಲಿ ಕೊಳೆಹಾಕಿ, ಒಳಗಿನ ಹುಳ ಕರಗಿದ ಮೇಲೆ ತೊಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು ಕೆಲಸ. ಕುದಿಸಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಹೊಳಪು ಹೋದ ಶಂಖವನ್ನು ಸಂಗ್ರಹಕಾರರು ಕಣ್ಣೆತ್ತಿಯೂ ನೋಡುವುದಿಲ್ಲ. ಒಳಗೆ ಖಾಲಿಯಾಯಿತೇ ಎಂಬುದನ್ನು ಮೂಸಿಯೇ ಹೇಳಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಮೂಗಿನಕ್ಕ.

ಆ ಮೂಗು ಸತ್ತು ಎಂಟು ತಿಂಗಳಾಗಿತ್ತು. ದಿನಾ ಶಂಖ ತೊಳೆಯುವ ಆಸಿಡ್ಡಿನ ಹೊಗೆ ಕುಡಿದರೆ ಇನ್ನೇನಾಗುತ್ತದೆ ಹೇಳಿ? ಮನೆಯಲ್ಲಿ ಹಾಲು ಸೀದು ಕರಿಯಾದರೂ, ಒಲೆಗೆ ಬೆನ್ನು ಹಾಕಿ ಸುಮ್ಮನೆ ಕೂತಿದ್ದಳು.

"ಅಯ್ಯೋ ಅಮ್ಮಾ, ಸೀದ ವಾಸನೆ ಬೀದಿಗೆಲ್ಲ ಹೊಡೀತಿದೆ! ನಿನ್ನ ಮೂಗು ಊರಿಗೆ ಹೋಗಿದೆಯಾ?" ಎಂದು, ಅದೇ ಅಂಗಡಿಯ ಕೌಂಟರಿನಲ್ಲಿ ಕೂರುವ ಮಗಳು ನಕ್ಕಳು.

"ನೆಗಡಿ ಕಣೇ."

ಎಂಟು ತಿಂಗಳ ನೆಗಡಿ! ಹೇಳಿಬಿಡಬೇಕಿತ್ತು. ಆದರೆ ಆ ಹೆಸರೊಂದು ಹೋದರೆ ತಾನು ಯಾರು ಎಂದು ಅವಳಿಗೆ ಭಯ.

ಹಾಗಾದರೆ ಕೆಲಸ ನಡೆದದ್ದು ಹೇಗೆ? ನೊಣಗಳಿಂದ. ಒಳಗೆ ಹುಳವಿದ್ದರೆ, ಬದುಕಿರಲಿ ಸತ್ತಿರಲಿ, ನೊಣ ಮುತ್ತುತ್ತದೆ. ಖಾಲಿಯಾದರೆ ಅತ್ತ ಸುಳಿಯುವುದಿಲ್ಲ. ಅವಳು ಮೂಸಿದ ಹಾಗೆ ಮಾಡಿ, ಓರೆಗಣ್ಣಿನಲ್ಲಿ ನೊಣ ನೋಡುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ.

ಅವತ್ತು ಬೆಳಿಗ್ಗೆ ಶಂಖ ಹೆಕ್ಕುವ ಮುಳುಗುಗಾರ ಗೇಣುದ್ದದ ಸೂಜಿಶಂಖವೊಂದನ್ನು ತಂದು ತೊಟ್ಟಿಗೆ ಬಿಟ್ಟ. ಬಿಳಿಯ ಮೇಲೆ ಕಂದು ಬಲೆ ಹಾಸಿದಂಥ ಚೆಲುವೆ.

"ಅಕ್ಕಾ, ಜೀವ ಇದೆ ಇದಕ್ಕೆ. ಒಳಗಿಂದ ಸೂಜಿ ಚುಚ್ಚತ್ತೆ. ಮೊದಲು ನೋವೂ ಗೊತ್ತಾಗಲ್ಲ, ಆಮೇಲೆ ಉಸಿರೇ ನಿಂತುಬಿಡತ್ತೆ. ಹುಷಾರು" ಎಂದು ಹೇಳಿ ಟೀ ಕುಡಿಯಲು ಹೋದ.

ಅದೇ ಜಾತಿಯ, ಅದೇ ಅಳತೆಯ ಇನ್ನೊಂದು ಶಂಖ ಎರಡು ವಾರ ಕೊಳೆತು ಖಾಲಿಯಾಗಿ, ತೊಳೆಸಿಕೊಂಡು ಪಕ್ಕದ ತೊಟ್ಟಿಯಲ್ಲಿತ್ತು. ಅವಳು ಊಟ ಮಾಡಿ ಬರುವಷ್ಟರಲ್ಲಿ ಧಣಿ ಕೋಣೆಗೆ ದೊಡ್ಡ ಫ್ಯಾನು ಹಾಕಿಸಿದ್ದ. ಏಣಿಗೆ ಜಾಗವಿಲ್ಲವೆಂದು ಫ್ಯಾನಿನವನು ತೊಟ್ಟಿಗಳನ್ನು ಸರಿಸಿ, ಎರಡೂ ಶಂಖ ಎತ್ತಿ ಮೇಜಿನ ಮೇಲಿಟ್ಟಿದ್ದ.

"ಇನ್ನು ಒಂದು ನೊಣ ಕೂತರೆ ಕೇಳು!" ಎಂದ ಧಣಿ ಹೆಮ್ಮೆಯಿಂದ. "ಗಿರಾಕಿ ಕಾಯ್ತಿದ್ದಾರೆ, ತೊಳೆದ ಸೂಜಿಶಂಖ ಕೊಡು, ಬೇಗ."

ನೊಣ ಒಂದೂ ಕಾಣದೆ, ಅವಳು ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. ಎರಡರ ಹೊಟ್ಟೆಯಲ್ಲೂ ನೀರು, ತೂಕ ಒಂದೇ. ಟಾರ್ಚು ಮೊಳೆಯಲ್ಲಿ ತೂಗುತ್ತಿತ್ತು. ಆದರೆ ಮೂಗಿನಕ್ಕನ ಕೈಗೆ ಟಾರ್ಚೇ? ಧಣಿ ಬಾಗಿಲಲ್ಲೇ ನಿಂತಿದ್ದ. ಅವಳು ಒಂದನ್ನು ಮೂಸಿದಳು, ಇನ್ನೊಂದನ್ನು ಮೂಸಿದಳು. ಏನೂ ಇಲ್ಲ. ಫ್ಯಾನು ಭರ್ರೋ ಎನ್ನುತ್ತಿತ್ತು.

"ಇದು" ಎಂದು ಒಂದನ್ನು ಕೊಟ್ಟಳು.

ಧಣಿ ಅದನ್ನು ತೆಗೆದುಕೊಂಡು ಹೋದ. ಉಳಿದ ಶಂಖದೊಳಗೆ ಟಾರ್ಚು ಬಿಟ್ಟು ನೋಡಿದಳು. ಖಾಲಿ! ಟಾರ್ಚು ಬಿಸಾಡಿ ಅಂಗಡಿಯ ಮುಂಗಡೆಗೆ ಓಡಿದಳು. ಕೌಂಟರಿನಲ್ಲಿ ಅವಳ ಮಗಳೇ ಶಂಖವನ್ನು ಅಂಗೈಯಲ್ಲಿಟ್ಟುಕೊಂಡು ಗಿರಾಕಿಗೆ ತೋರಿಸುತ್ತಿದ್ದಳು. ಶಂಖದ ದುಡ್ಡಿಗೆಂದು ಆಗ ತಾನೇ ಮತ್ತೆ ಬಂದ ಮುಳುಗುಗಾರ, ತಾನು ತಂದ ಶಂಖದ ಗುರುತು ಹತ್ತಿ ಬಾಗಿಲಲ್ಲೇ ಕಿರುಚಿದ.

"ಕೆಳಗಿಡು! ಅದು ಬದುಕಿದೆ!"

ಮಗಳು ಗಾಬರಿಯಾಗಿ ಶಂಖ ಕೆಳಗಿಟ್ಟಳು. ಧಣಿ ನಕ್ಕ. "ಸುಮ್ನಿರಯ್ಯಾ, ಮೂಗಿನಕ್ಕ ಮೂಸಿ ಕೊಟ್ಟಿದ್ದಾಳೆ."

"ಹೌದು, ಅಮ್ಮ ಮೂಸಿದ್ದು" ಎಂದು ಮಗಳೂ ಸಮಾಧಾನದ ಉಸಿರು ಬಿಟ್ಟಳು. "ಚುಚ್ಚಿಲ್ಲ, ನೋವೇ ಇಲ್ಲ. ಬೆರಳು ಸ್ವಲ್ಪ ಜೋಮು ಹಿಡಿದಿದೆ, ಅಷ್ಟೆ."

ಮುಳುಗುಗಾರನೂ ಅನುಮಾನದಲ್ಲಿ ನಿಂತುಬಿಟ್ಟ. ಯಾರೂ ಅಲುಗಲಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ನನಗೆ ವಾಸನೆ ಬರಲ್ಲ! ಎಂಟು ತಿಂಗಳಾಯ್ತು, ಏನೂ ಬರಲ್ಲ ನನಗೆ! ಗಾಡಿ ತನ್ನಿ, ಯಾರಾದ್ರೂ ಗಾಡಿ ತನ್ನಿ!"

ಧಣಿ ಬೀದಿಗೆ ಓಡಿದ. ಅವಳು ಮಗಳನ್ನು ತಬ್ಬಿ ಹಿಡಿದಳು. ಮಗಳು ಅಮ್ಮನನ್ನೇ ನೋಡುತ್ತ ಏನೋ ಹೇಳಹೊರಟಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ.