ಗಟಾರದ ಮೇಲಿನ ಮೂರಡಿ ಕಟ್ಟೆ

ಅಂಗಡಿ ಮುಂದಿನ ಈ ಹೊಂಗೆ ನೆರಳಿಗೆ ನಾನು ಕೊಟ್ಟ ಬೆಲೆ ಮೂರಡಿ ಕಟ್ಟೆ. ದುಬಾರಿಯೇ, ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟುಕೊಡುವುದೇ ಹೆಚ್ಚು ಕಷ್ಟ. ಇವತ್ತು ಅಂಗಡಿ ತೆರೆದರೆ ಹೊಂಗೆ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ಹೊಸ್ತಿಲ ತನಕ ಉದುರಿತ್ತು. ಹಳೆಯದೆಲ್ಲ ನೆನಪಾಯಿತು.

ಗಂಗಾವತಿಯ ನಮ್ಮ ಓಣಿಯಲ್ಲಿ ಒಂದು ರಿವಾಜಿತ್ತು. ಅಂಗಡಿ ಹಿಡಿದವನು ಮೊದಲು ಪೂಜೆ ಮಾಡಬೇಕು, ಆಮೇಲೆ ಗಟಾರದ ಮೇಲೆ ಕಟ್ಟೆ ಹಾಕಬೇಕು. ತಲೆಯ ಮೇಲೆ ಬುಟ್ಟಿ ಹೊತ್ತು ಪಾತ್ರೆ ಮಾರುತ್ತ ಮೇಲೆ ಬಂದ ನಾನು ಪಕ್ಕದವನಿಗಿಂತ ಅರ್ಧ ಅಡಿ ಹೆಚ್ಚೇ ಹಾಕಿದೆ. ಗಟಾರ ಮುಚ್ಚಿದ ಮೇಲೆ ಮಳೆ ನೀರಿಗೂ ದಾರಿ ಬೇಕಲ್ಲ, ಅದು ಸೀದಾ ಅಂಗಡಿಯೊಳಗೆ ಬರುತ್ತಿತ್ತು. ನಾವೆಲ್ಲ ತೇಲುವ ಪಾತ್ರೆ ಹಿಡಿಯುತ್ತ ಊರನ್ನು ಬೈಯುತ್ತಿದ್ದೆವು.

ರಸ್ತೆ ಸುಧಾರಣೆಗೆಂದು ಇಂಜಿನಿಯರ್ ಮೇಡಂ ಟೇಪು ಹಿಡಿದು ಬಂದರು. ಕಟ್ಟೆ ಒಡೆದು ಗಟಾರ ಬಿಡಿಸಿ, ಮೇಲೆ ನಡೆಯಲು ಹಾಸುಗಲ್ಲು, ಅಲ್ಲಲ್ಲಿ ಗಿಡ ಎಂದರು.

"ಒಂದಡಿ ಒಡಿತೀನ್ರಿ ಮೇಡಂ, ಎರಡಡಿ ನನಗಿರ್ಲಿ" ಎಂದೆ.

ಕಟ್ಟೆಯ ಮೂಲೆಯಲ್ಲಿ ವರ್ಷಗಳಿಂದ ಹೂವು ಮಾರುತ್ತಿದ್ದ ಶಂಕ್ರವ್ವ ನಕ್ಕಳು. "ನೀರಿನ ಕೂಡ ಚೌಕಾಸಿ ನಡಿಯಂಗಿಲ್ರಿ ಸಾವ್ಕಾರ್ರ. ಪೂರಾ ಒಡೀರಿ. ಆದ್ರ ಕಟ್ಟಿ ಹೋದಮ್ಯಾಗ ನಾ ಎಲ್ಲಿ ಕುಂದರ್ಲಿ? ಅದನ್ನ ಮದ್ಲ ಹೇಳ್ರಿ."

ಮೇಡಂ ನಕಾಶೆ ತಿರುಗಿಸಿ ನೋಡಿದರು. ಅದರಲ್ಲಿ ಗಟಾರವಿತ್ತು, ಗಿಡವಿತ್ತು, ಶಂಕ್ರವ್ವ ಇರಲಿಲ್ಲ. ನನಗೂ ಅಲ್ಲಿಯವರೆಗೆ ಅವಳು ಕಟ್ಟೆಯದೇ ಒಂದು ಕಲ್ಲಿನಂತಿದ್ದಳು. ಅವಳು ಕೂತಿದ್ದ ಮೂಲೆ ಯಾವುದೆಂದು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದೆ.

"ಹಂಗಂದ್ರ ಮೂರಡಿನೂ ತಗೋರಿ" ಎಂದೆ. "ಬದ್ಲಿಗೆ ಗಿಡದ ಬುಡಕ್ಕ ಒಂದು ಹಾಸುಗಲ್ಲು ಹಾಕ್ರಿ, ಈಕಿ ಕುಂದ್ರಾಕ. ನಕಾಶ್ಯಾಗ ಬರೀರಿ, ಬಾಯಿಮಾತು ಬ್ಯಾಡ."

ಮೇಡಂ ಬರೆಯುತ್ತಿದ್ದರೆ ಶಂಕ್ರವ್ವನ ಚೌಕಾಸಿ ಇನ್ನೂ ಮುಗಿದಿರಲಿಲ್ಲ. "ಹೊಂಗಿ ಗಿಡಾನ ಹಚ್ರಿ ಯವ್ವಾ, ನೆರಳು ದಟ್ಟ."

ಓಣಿಯಲ್ಲಿ ಮೊದಲ ಸುತ್ತಿಗೆ ನನ್ನದೇ. "ಸಾವ್ಕಾರಗ ಬಿಸಲು ತಲಿಗೇರೇತಿ" ಎಂದ ಪಕ್ಕದವನು ಮುಂದಿನ ಮಳೆಯಲ್ಲಿ ನನ್ನ ಒಣ ಅಂಗಡಿ ನೋಡಿ ತಾನೂ ಒಡೆದ. ಶಂಕ್ರವ್ವ ಹೂವಿಗೆ ಚಿಮುಕಿಸಿ ಉಳಿದ ನೀರನ್ನೇ ಹಾಕಿ ಹೊಂಗೆ ಬೆಳೆಸಿದಳು. ಗಿರಾಕಿಗಳು ಈಗ ಮೊದಲು ಅವಳ ಪಕ್ಕ ಕೂತು ಬೆವರು ಒರೆಸಿಕೊಳ್ಳುತ್ತಾರೆ, ಆಮೇಲೆ ನನ್ನ ಕೊಡ ನೋಡುತ್ತಾರೆ. ಕೂತು ಎದ್ದ ಗಿರಾಕಿ ಬೆಲೆಗೆ ಜಗ್ಗಾಡುವುದೂ ಕಡಿಮೆ.

ನಿಮ್ಮ ಓಣಿಗೂ ಒಂದು ದಿನ ಟೇಪು ಬರುತ್ತದೆ. ಆಗ ಎಷ್ಟಡಿ ಉಳಿಯುತ್ತದೆಂದು ಕೇಳಬೇಡಿ. ಕಟ್ಟೆಯ ಮೇಲೆ ಯಾರು ಕೂತಿದ್ದಾರೆ ನೋಡಿ, ಅವರ ಜಾಗವನ್ನು ನಕಾಶೆಯಲ್ಲಿ ಬರೆಸಿ, ಆಮೇಲೆ ಸುತ್ತಿಗೆ ಎತ್ತಿ. ಯಾವ ಗಿಡ ಎನ್ನುವುದನ್ನು ಮಾತ್ರ ದಿನವಿಡೀ ಬಿಸಿಲಲ್ಲಿ ಕೂರುವವರಿಗೇ ಬಿಡಿ.